‘ಪ್ರಾಯ ಆಯ್ತಲ್ಲ’ ಎಂಬ ಷರಾ ಸಾಕು: ಕಾಸರಗೋಡು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಸಿವಿಲ್ ಸ್ಟೇಷನ್, ವಿದ್ಯಾನಗರ,
ಕಾಸರಗೋಡು.

ವಿಷಯ: ಗಡಿನಾಡಿನ ಕನ್ನಡ, ತುಳು ಮಾತನಾಡುವ ಹಿರಿಯರ ಸಿಟ್ಟು, ಅಳು, ಸಂಶಯಗಳನ್ನು ವಯಸ್ಸಿನ ದೋಷವೆಂದು ತಳ್ಳಿಹಾಕುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಬದಿಯಡ್ಕದ ಆಸುಪಾಸಿನ ಹಳ್ಳಿಗಳಲ್ಲಿ ಅಂಚೆ ಕೆಲಸ ಮಾಡಿ ನಿವೃತ್ತಳಾದವಳು. ಕ್ಷೇಮ ಪಿಂಚಣಿ ಮನಿಆರ್ಡರಿನಲ್ಲಿ ಬರುತ್ತಿದ್ದ ಕಾಲದಿಂದಲೂ ಈ ಭಾಗದ ಅಜ್ಜ ಅಜ್ಜಿಯಂದಿರ ಚಾವಡಿಗಳು ನನಗೆ ಪರಿಚಯ. ಈಗ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ತಂಡದ ಜೊತೆ, ದಾದಿಯ ಚೀಲ ಹಿಡಿಯುವವಳಾಗಿ, ಅದೇ ಮನೆಗಳಿಗೆ ಹೋಗುತ್ತಿದ್ದೇನೆ. ದಾದಿಗೆ ಬರುವುದು ಮಲಯಾಳ ಮಾತ್ರ. ಅವರು ಕೇಳಿದ್ದನ್ನು ಕನ್ನಡಕ್ಕೋ ತುಳುವಿಗೋ ಮಾಡಿ ಹೇಳುವುದು, ಇವರು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದು ನನ್ನ ಕೆಲಸ.

ಕೇರಳದ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸಬಹುದೆಂದು 1969ರ ಅಧಿಕೃತ ಭಾಷಾ ಕಾನೂನು ಹೇಳುತ್ತದೆ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆ ಧೈರ್ಯದಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣ ಬೇರೆ: ಇದರಲ್ಲಿ ಅರ್ಧದಷ್ಟು ತಮ್ಮ ಕಚೇರಿಗೆ ಸಲ್ಲಬೇಕಾದ್ದು, ಉಳಿದದ್ದು ನಮ್ಮದೇ ಮನೆಯವರ ಕಿವಿಗೆ ಬೀಳಬೇಕಾದ್ದು.

ದೂರು ಇಷ್ಟು. ವಯಸ್ಸಾದವರು ಕಚೇರಿಯಲ್ಲಿ ರೇಗಿದರೆ, ಆಸ್ಪತ್ರೆಯಲ್ಲಿ ಅತ್ತರೆ, ಮನೆಯಲ್ಲಿ ಸೊಸೆಯ ಮೇಲೆ ಸಂಶಯಪಟ್ಟರೆ ಎಲ್ಲದಕ್ಕೂ ಒಂದೇ ಷರಾ: ‘ಪ್ರಾಯ ಆಯ್ತಲ್ಲ’. ಗುಮಾಸ್ತರೂ ಅದನ್ನೇ ಹೇಳುತ್ತಾರೆ, ಡಾಕ್ಟರರೂ ಅದನ್ನೇ ಹೇಳುತ್ತಾರೆ, ಹೆತ್ತ ಮಕ್ಕಳೂ ಅದನ್ನೇ ಹೇಳುತ್ತಾರೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಬೇರೆ ಬಾಯಿಗೆ ಸಿದ್ಧವಾಗಿದೆ. ಷರಾ ಬಿದ್ದ ಮೇಲೆ ಮುಂದೆ ಯಾರೂ ಕೇಳುವುದಿಲ್ಲ. ಇದರಿಂದ ಗುಣವಾಗಬಹುದಾದ ಕಾಯಿಲೆಗಳು ಕಣ್ಣಿಗೆ ಬೀಳದೆ ಹೋಗುತ್ತಿವೆ, ಕಚೇರಿಗಳ ಲೋಪಗಳು ಹಿರಿಯರ ತಲೆಗೆ ಕಟ್ಟಲ್ಪಡುತ್ತಿವೆ.

ನಾನು ಕಣ್ಣಾರೆ ಕಂಡದ್ದೊಂದನ್ನು ಮೊದಲು ತಮ್ಮ ಮುಂದಿಡುತ್ತೇನೆ.

ಕ್ಷೇಮ ಪಿಂಚಣಿಯ ಮಸ್ಟರಿಂಗ್, ಅಂದರೆ ಪಿಂಚಣಿ ಪಡೆಯುವವರು ಜೀವಂತವಿದ್ದಾರೆಂದು ಬೆರಳಚ್ಚು ಕೊಟ್ಟು ತೋರಿಸುವ ಕೆಲಸ, ನಡೆಯುತ್ತಿದ್ದ ಒಂದು ಕೇಂದ್ರ. ಹೆಸರು ಬೇಡ, ಅಲ್ಲಿನ ಹುಡುಗಿಯರ ಮೇಲೆ ನನಗೆ ಹಗೆಯಿಲ್ಲ, ಅವರ ಮೇಲಿನ ಒತ್ತಡವೂ ನನಗೆ ಗೊತ್ತು. ಕೋಣೆ ಇದ್ದದ್ದು ಮಹಡಿಯ ಮೇಲೆ. ಎಂಬತ್ತರ ಹತ್ತಿರದ ಅಜ್ಜನೊಬ್ಬರು ಬೆಳಗ್ಗಿನ ಬಸ್ಸಿಗೆ ಬಂದು ಟೋಕನ್ ಹಿಡಿದು ಕೂತಿದ್ದರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಮನೆಯಿಂದ ಹೊರಟವರು, ಮಧ್ಯಾಹ್ನವಾದರೂ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎದ್ದು ಹೋದರೆ ನಂಬರು ತಪ್ಪೀತೆಂಬ ಹೆದರಿಕೆ. ಸರದಿ ಬಂದಾಗ ಹೆಬ್ಬೆರಳನ್ನು ಯಂತ್ರ ಹಿಡಿಯಲಿಲ್ಲ. ಜೀವಮಾನವಿಡೀ ಅಡಿಕೆ ಸುಲಿದ ಬೆರಳು, ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು. ಪರದೆಯಿಂದ ಕಣ್ಣೆತ್ತದೆ ಹುಡುಗಿ ‘ಒನ್ನುಕೂಡಿ ಅಮರ್ತ್’ (ಇನ್ನೊಮ್ಮೆ ಒತ್ತಿ) ಎಂದಳು. ಅಜ್ಜನಿಗೆ ಆ ಬದಿಯ ಕಿವಿ ಮಂದ. ‘ಎಂತ ಹೇಳಿದ್ದು?’ ಎಂದರು. ಹುಡುಗಿ ಸ್ವರ ಏರಿಸಿದಳು. ಹಿಂದೆ ನಿಂತವರು ಗೊಣಗಿದರು. ಮತ್ತೆ ಬೆರಳು, ಮತ್ತೆ ಕೆಂಪು ದೀಪ. ಅಜ್ಜ ಮೇಜು ಗುದ್ದಿ ಎದ್ದು ನಿಂತರು. ‘ನಾನು ಸತ್ತಿಲ್ಲ ಮಾರಾಯ್ತಿ, ನಿನ್ನ ಎದುರೇ ಕೂತಿದ್ದೇನೆ, ಕಣ್ಣು ಕಾಣುವುದಿಲ್ಲವಾ?’ ಎಂದು ಕೆಳಗಿನ ಅಂಗಡಿಯವರೂ ತಲೆಯೆತ್ತಿ ನೋಡುವ ಹಾಗೆ ಕೂಗಿದರು. ಕೈ ನಡುಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿಂದಲೇ ಮಗನಿಗೆ ಫೋನು ಹೋಯಿತು: ‘ಅಪ್ಪನಿಗೆ ತಲೆ ಸರಿ ಇಲ್ಲ, ಇನ್ನು ಒಬ್ಬರನ್ನೇ ಕಳಿಸಬೇಡಿ.’

ನಡುಗುವ ಕೈ, ಬೆವರು, ಇದ್ದಕ್ಕಿದ್ದಂತೆ ಏರಿದ ಸಿಟ್ಟು, ಈ ಮೂರೂ ಒಟ್ಟಿಗೆ ಬಂದರೆ ರಕ್ತದ ಸಕ್ಕರೆ ಇಳಿದಿರಬಹುದೆಂದು ಪಾಲಿಯೇಟಿವ್ ತರಬೇತಿಯಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ಸಕ್ಕರೆ ಜಾಸ್ತಿ ಹಾಕಿದ ಚಹ, ಎರಡು ಗೋಳಿಬಜೆ ತರಿಸಿದೆವು. ಸ್ವಲ್ಪ ಹೊತ್ತಿಗೆ ಅಜ್ಜ ತಾವೇ ಎದ್ದು ಹೋಗಿ ಹುಡುಗಿಗೆ ‘ಬೇಜಾರು ಮಾಡ್ಬೇಡ ಮಗಾ’ ಎಂದರು. ಅವಳೂ ನಕ್ಕಳು. ಆದರೆ ಮಗನಿಗೆ ಹೋದ ಸುದ್ದಿಯನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಆಮೇಲೆ ಮನೆಯವರು ಅವರನ್ನು ಒಬ್ಬರೇ ಪೇಟೆಗೆ ಬಿಟ್ಟಿಲ್ಲ. ರೇಷನ್ ಅಂಗಡಿಗೆ, ಹಾಲಿನ ಸೊಸೈಟಿಗೆ ದಿನವೂ ನಡೆದು ಹೋಗುತ್ತಿದ್ದ ಮನುಷ್ಯ ಈಗ ಚಾವಡಿಯಲ್ಲಿ ಕೂತು ರಸ್ತೆ ನೋಡುತ್ತಾರೆ. ಬೆರಳು ಹಿಡಿಯದಿದ್ದರೆ ಕಣ್ಣಿನ ಪಾಪೆ ತೆಗೆಯಬಹುದು, ಅದೂ ಆಗದಿದ್ದರೆ ಜೀವಂತವಿರುವ ದಾಖಲೆಯನ್ನು ಪಂಚಾಯತಿಗೆ ಕೊಡಬಹುದು, ಹಾಸಿಗೆ ಹಿಡಿದವರ ಮನೆಗೇ ಬಂದು ಮಾಡಿಕೊಡುವ ಏರ್ಪಾಡೂ ಇದೆ. ಅಷ್ಟೂ ಹೊತ್ತು ಇದನ್ನು ಯಾರೂ ಅವರಿಗೆ ಅವರ ಭಾಷೆಯಲ್ಲಿ ಹೇಳಿರಲಿಲ್ಲ.

ಮಾನ್ಯರೇ, ಇದರಲ್ಲಿ ವಯಸ್ಸಿನ ಪಾಲು ಎಷ್ಟು? ಖಾಲಿ ಹೊಟ್ಟೆಯದ್ದೆಷ್ಟು, ಕಿವಿಯದ್ದೆಷ್ಟು, ಭಾಷೆಯದ್ದೆಷ್ಟು, ಆ ಮೆಟ್ಟಿಲಿನದ್ದೆಷ್ಟು?

ವಯಸ್ಸಾದಂತೆ ಮನಸ್ಸಿನ ಮೇಲಿನ ಹಿಡಿತ ತಪ್ಪುತ್ತದೆ ಎಂಬ ನಂಬಿಕೆಯನ್ನು ಮನಶ್ಶಾಸ್ತ್ರಜ್ಞರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಒರೆಗೆ ಹಚ್ಚುತ್ತ ಬಂದಿದ್ದಾರೆ. ಸಿಕ್ಕಿದ ಉತ್ತರ ನಮ್ಮ ಗಾದೆಗೆ ತದ್ವಿರುದ್ಧ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಮತ್ತು ಸಂಗಡಿಗರು 18ರಿಂದ 94 ವರ್ಷದವರೆಗಿನ ಜನರ ಕೈಗೆ ಪೇಜರ್ ಕೊಟ್ಟು, ಒಂದು ವಾರ ಕಾಲ ದಿನಕ್ಕೆ 5 ಸಲ ಯಾವ ಹೊತ್ತಿಗೆಂದರೆ ಆ ಹೊತ್ತಿಗೆ ಅದನ್ನು ಬಡಿಸಿ, ಈಗ ಮನಸ್ಸು ಹೇಗಿದೆಯೆಂದು ಬರೆಸಿಕೊಂಡರು. ಐದು ವರ್ಷ ಬಿಟ್ಟು ಮತ್ತೊಮ್ಮೆ, ಹತ್ತು ವರ್ಷ ಬಿಟ್ಟು ಮಗದೊಮ್ಮೆ ಅದೇ ಜನರನ್ನು ಕೇಳಿದರು. 2011ರಲ್ಲಿ ಅದು ಪ್ರಕಟವಾಯಿತು. ವಯಸ್ಸು ಏರಿದಂತೆ ಜನರ ದಿನಗಳು ಹೆಚ್ಚು ನೆಮ್ಮದಿಯವಾಗಿದ್ದವು, ಮನಸ್ಸಿನ ಏರಿಳಿತ ಕಡಿಮೆಯಾಗಿತ್ತು. ಮುಂದಿರುವ ಕಾಲ ಕಡಿಮೆ ಎಂಬ ಅರಿವು ಬಂದಾಗ ಜನ ಬೇಡದ ಪರಿಚಯ, ಬೇಡದ ಜಗಳ ಬಿಟ್ಟು ತಮಗೆ ಬೇಕಾದವರನ್ನು, ಬೇಕಾದದ್ದನ್ನು ಹಿಡಿದುಕೊಳ್ಳುತ್ತಾರೆ ಎಂದು ಕಾರ್ಸ್ಟೆನ್ಸನ್ ಕಾರಣ ಕೊಡುತ್ತಾರೆ. ಮಾರಾ ಮ್ಯಾಥರ್ ಮತ್ತು ಸಂಗಡಿಗರು 2004ರಲ್ಲಿ ಹಿರಿಯರಿಗೂ ಕಿರಿಯರಿಗೂ ಚಿತ್ರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದ್ದರು. ಭಾವನೆಗಳಿಗೆ ಮೊದಲು ಮಿಡಿಯುವ ಅಮಿಗ್ಡಲಾ ಎಂಬ ಭಾಗ ಹಿರಿಯರಲ್ಲಿ ಹಿತವಾದ ಚಿತ್ರಗಳಿಗೆ ಹೆಚ್ಚು, ಅಹಿತವಾದವಕ್ಕೆ ಕಡಿಮೆ ಮಿಡಿದಿತ್ತು.

ಪಶ್ಚಿಮದ ಮಾತು ನಮಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಮನೆಗಳಲ್ಲೇ ನೋಡಬಹುದು. ಗಡಿ ಜಾಗದ ವಿಷಯಕ್ಕೆ ಅಣ್ಣತಮ್ಮಂದಿರ ಮಾತು ಬಿಗಿಯಾಗುತ್ತಿದ್ದಂತೆ ಮುಂಡಾಸು ಕಟ್ಟಿಕೊಂಡು ಮೆಲ್ಲನೆ ತೋಟಕ್ಕೆ ಇಳಿಯುವುದು ಯಾರು? ಅಜ್ಜ. ಮೊಮ್ಮಕ್ಕಳ ಗಲಾಟೆ ಮಿತಿಮೀರಿದಾಗ ಎಲೆ ಅಡಿಕೆಯ ಹರಿವಾಣ ಹತ್ತಿರ ಎಳೆದುಕೊಂಡು ನಿಧಾನಕ್ಕೆ ಸುಣ್ಣ ಹಚ್ಚುತ್ತ ಕೂರುವುದು ಯಾರು? ಅಜ್ಜಿ. ಭಾವನೆಯನ್ನು ಹದದಲ್ಲಿಡುವ ದಾರಿಗಳನ್ನು ಜೇಮ್ಸ್ ಗ್ರಾಸ್ ಎಂಬ ವಿದ್ವಾಂಸರು 1998ರಲ್ಲಿ ಐದಾಗಿ ವಿಂಗಡಿಸಿದರು. ಸಿಟ್ಟು ಬರುವ ಸಂದರ್ಭಕ್ಕೇ ಹೋಗದಿರುವುದು, ಹೋದರೆ ಅದನ್ನು ಬದಲಿಸುವುದು, ಗಮನ ಬೇರೆಡೆ ತಿರುಗಿಸುವುದು, ಅದನ್ನೇ ಬೇರೆ ರೀತಿ ಅರ್ಥ ಮಾಡಿಕೊಳ್ಳುವುದು, ಕೊನೆಗೆ ಉಕ್ಕಿ ಬಂದದ್ದನ್ನು ಅದುಮುವುದು. ನಮ್ಮ ಹಿರಿಯರು ಹೆಚ್ಚು ನೆಚ್ಚುವುದು ಮೊದಲ ಮೂರನ್ನು, ಅಂದರೆ ತೋಟವನ್ನು ಮತ್ತು ಹರಿವಾಣವನ್ನು.

ಕಚೇರಿಯಲ್ಲಿ ಇವೆರಡೂ ಇಲ್ಲ. ಅಲ್ಲಿಂದ ಎದ್ದು ಹೋದರೆ ಟೋಕನ್ ತಪ್ಪುತ್ತದೆ, ಟೋಕನ್ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಸೂಸನ್ ಚಾರ್ಲ್ಸ್ ಎಂಬವರು 2010ರಲ್ಲಿ ಮಂಡಿಸಿದ ವಿಚಾರ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ತಪ್ಪಿಸಿಕೊಳ್ಳಲು ದಾರಿಯಿರುವ ಕಡೆ ಹಿರಿಯರು ಕಿರಿಯರಿಗಿಂತ ಗಟ್ಟಿ. ದಾರಿಯಿಲ್ಲದ ಕಡೆ, ಒತ್ತಡ ದಿನಗಟ್ಟಲೆ ಮುಂದುವರಿದ ಕಡೆ, ಆ ಮೇಲುಗೈ ಕರಗಿಹೋಗುತ್ತದೆ. ಯಾಕೆಂದರೆ ವಯಸ್ಸಾದ ದೇಹ ಒಮ್ಮೆ ಉದ್ರೇಕಗೊಂಡರೆ, ಎದೆಬಡಿತವೂ ರಕ್ತದೊತ್ತಡವೂ ಏರಿದರೆ, ಮೊದಲಿನ ಸ್ಥಿತಿಗೆ ಇಳಿಯಲು ಹೆಚ್ಚು ಹೊತ್ತು ಬೇಕು. ಬಚ್ಚಲಿನ ತಾಮ್ರದ ಹಂಡೆಯ ಹಾಗೆ: ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದೂ ಇಲ್ಲ. ಇಪ್ಪತ್ತೈದರ ಗುಮಾಸ್ತ ಜಗಳ ಮುಗಿಸಿ ಹತ್ತು ನಿಮಿಷದಲ್ಲಿ ಮೊಬೈಲು ನೋಡುತ್ತ ನಗುತ್ತಾನೆ. ಎದುರಿಗಿದ್ದ ಅಜ್ಜ ರಾತ್ರಿಯವರೆಗೂ ಕುದಿಯುತ್ತಾರೆ.

ಇನ್ನು ಕಾಯಿಲೆಯ ವಿಚಾರ. ಆರೋಗ್ಯವಂತ ವೃದ್ಧಾಪ್ಯ ಮನಸ್ಸನ್ನು ಹದಕ್ಕೆ ತರುತ್ತದೆಂದಾದರೆ, ಸೌಮ್ಯವಾಗಿದ್ದ ಹಿರಿಯರು ಇದ್ದಕ್ಕಿದ್ದಂತೆ ಬದಲಾದಾಗ ಅದನ್ನು ಜ್ವರದಷ್ಟೇ ಗಂಭೀರವಾಗಿ ನೋಡಬೇಕು. ಪೆರ್ಲದ ಕಡೆಯ ಒಂದು ಮನೆಯಲ್ಲಿ ಯಾರಿಗೂ ಗಡುಸಾಗಿ ಮಾತಾಡಿ ಗೊತ್ತಿಲ್ಲದ ಅಮ್ಮ ಎರಡೇ ದಿನದಲ್ಲಿ ಬೇರೆಯವರಾದರು. ಸಂಜೆಯಾದರೆ ಸೊಸೆಗೆ ಬೈಗುಳ, ಕರಿಮಣಿ ಕದ್ದಳೆಂಬ ಆರೋಪ, ಗಂಜಿಯಲ್ಲಿ ವಿಷ ಹಾಕಿದ್ದಾಳೆಂದು ಬಟ್ಟಲು ಎಸೆತ. ‘ಪ್ರಾಯ ಆಯ್ತಲ್ಲ, ಇನ್ನು ಹೀಗೆಯೇ’ ಎಂದು ಎಲ್ಲಿಯೋ ತೋರಿಸಿಕೊಂಡು ನಿದ್ದೆಯ ಗುಳಿಗೆ ತಂದಿದ್ದರು. ನಮ್ಮ ದಾದಿ ಹೋದವರೇ ನಾಲಿಗೆ ನೋಡಿದರು, ಒಣಗಿ ಕಟ್ಟಿಗೆಯಾಗಿತ್ತು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು, ರಕ್ತದಲ್ಲಿ ಸೋಡಿಯಂ ಕಡಿಮೆಯಿತ್ತು. ವಯಸ್ಸಾದವರಲ್ಲಿ ಇಂಥ ಸೋಂಕು, ನೀರಿನ ಕೊರತೆ, ಉಪ್ಪಿನ ಏರುಪೇರು ಜ್ವರಕ್ಕಿಂತ ಮೊದಲು ಬುದ್ಧಿಭ್ರಮಣೆಯಾಗಿ ಕಾಣಿಸಿಕೊಳ್ಳಬಹುದು, ಡಿಲೀರಿಯಂ ಎನ್ನುತ್ತಾರೆ. ಚಿಕಿತ್ಸೆಯಾಗಿ ವಾರದೊಳಗೆ ಅಮ್ಮ ಮೊದಲಿನಂತಾದರು, ಆಡಿದ್ದೊಂದೂ ಅವರಿಗೆ ನೆನಪಿಲ್ಲ. ಸೊಸೆಗೆ ಎಲ್ಲವೂ ನೆನಪಿದೆ. ಆ ಬೈಗುಳ ಅತ್ತೆಯದ್ದಲ್ಲ, ಕಾಯಿಲೆಯದ್ದು ಎಂದು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಮನೆ ಎರಡು ಒಲೆಯಾಗುತ್ತಿರಲಿಲ್ಲ.

ಇನ್ನೊಬ್ಬರು ತೆಂಕುತಿಟ್ಟಿನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಪಾರ್ಶ್ವವಾಯು ಬಡಿದ ಮೇಲೆ ಯಾರು ಬಂದರೂ ಬಿಕ್ಕಿ ಬಿಕ್ಕಿ ಅಳುತ್ತಾರೆ. ಹಳೆಯ ಭಾಗವತರು ನೋಡಲು ಬಂದರೆ ಅಳು, ಪಕ್ಕದ ಮನೆಯ ಮಗು ಬಂದರೂ ಅಳು. ‘ನಾವು ಹೋದರೆ ಪಾಪ ಅವರಿಗೆ ಸಂಕಟ’ ಎಂದು ಜನ ಬರುವುದೇ ಬಿಟ್ಟರು. ಒಂದು ದಿನ ಅವರು ಎಡಗೈಯಿಂದ ಎದೆ ತೋರಿಸಿ, ಇಲ್ಲಿ ಏನೂ ಇಲ್ಲ ಎಂಬಂತೆ ಕೈಯಾಡಿಸಿದರು. ಆಗಲೂ ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಪಾರ್ಶ್ವವಾಯುವಿನ ನಂತರ ಅಳು, ನಗುವಿನ ಕಡಿವಾಣ ತಪ್ಪಿ, ಒಳಗೆ ದುಃಖವಿಲ್ಲದೆಯೂ ಹೀಗೆ ಅಳು ಬರುವುದುಂಟು. ಅದಕ್ಕೆ ಔಷಧವೂ ಉಂಟು. ಅವರಿಗೆ ಅದು ಸಿಗುವಷ್ಟರಲ್ಲಿ ಅಂಗಳಕ್ಕೆ ಬರುವವರೇ ಇಲ್ಲವಾಗಿದ್ದರು.

ಕಾರಣಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಥೈರಾಯ್ಡ್, ಬಿ12 ಕೊರತೆ, ಮಾಸದ ನೋವು, ಕೆಲವು ನಿದ್ದೆ ಗುಳಿಗೆಗಳು, ಸ್ಟಿರಾಯ್ಡ್. ವಯಸ್ಸಾದವರ ಖಿನ್ನತೆ ಎಷ್ಟೋ ಸಲ ಕಣ್ಣೀರಿನ ರೂಪದಲ್ಲಿ ಬರದೆ ಕಿರಿಕಿರಿಯ ರೂಪದಲ್ಲಿ ಬರುತ್ತದೆ. ಕಿವಿ ಮಂದವಾದವರಿಗೆ ಎದುರಿನವರು ಪಿಸುಗುಟ್ಟಿದರೆ ತಮ್ಮ ಬಗ್ಗೆಯೇ ಏನೋ ಹೇಳುತ್ತಿದ್ದಾರೆಂಬ ಸಂಶಯ ಬರುವುದು ಸಹಜ. ನೆನಪು, ಬುದ್ಧಿ ಕುಗ್ಗುತ್ತ ಹೋಗುವ ಡಿಮೆನ್ಷಿಯಾ ಕಾಯಿಲೆ ಬರುವ ಸಾಧ್ಯತೆಯನ್ನು ಹೆಚ್ಚಿಸುವ, ಆದರೆ ತಡೆಯಬಹುದಾದ ಕಾರಣಗಳಲ್ಲಿ ಕಿವುಡು ಮುಖ್ಯವಾದದ್ದೆಂದು ಲಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿಯಲ್ಲಿದೆ. ಮೆದುಳಿನ ಮುಂಭಾಗ ಸವೆಯುವ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಚೆನ್ನಾಗಿಯೇ ಇದ್ದು ಸ್ವಭಾವ ಮೊದಲು ಕೆಡುತ್ತದೆ. ಮಿತವ್ಯಯಿಯಾಗಿದ್ದವರು ಕಟ್ಟುಗಟ್ಟಲೆ ಲಾಟರಿ ಟಿಕೇಟು ಕೊಳ್ಳುವುದು, ಸಭ್ಯರಾಗಿದ್ದವರು ಹೆಂಗಸರ ಮುಂದೆ ಆಡಬಾರದ್ದು ಆಡುವುದು. ಇದು ಹೆಚ್ಚಾಗಿ 45ರಿಂದ 65ರ ನಡುವೆ ಶುರುವಾಗುತ್ತದೆ, ಹಾಗಾಗಿ ಇದಕ್ಕೆ ‘ಪ್ರಾಯ’ ಎಂಬ ನೆಪವೂ ಸಿಗುವುದಿಲ್ಲ, ‘ಕೊಬ್ಬು’ ಎನ್ನುತ್ತಾರೆ.

ಭಾಷೆಯ ವಿಚಾರಕ್ಕೆ ಬರುತ್ತೇನೆ. ಇದು ಗಡಿನಾಡಿನ ಹಳೆಯ ಹಾಡು ಎಂದು ದಯವಿಟ್ಟು ಪುಟ ಮಗುಚಬೇಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕನ್ನಡ ಶಾಲೆಯ ಮಕ್ಕಳಾಗಿದ್ದವರೇ ಈಗಿನ ನಮ್ಮ ಅಜ್ಜ ಅಜ್ಜಿಯರು. ಪೇಟೆಯ ವ್ಯವಹಾರದ ಮಲಯಾಳ ಅವರಿಗೆ ಬರುತ್ತದೆ, ಮೀನಿನ ಕ್ರಯ ಕೇಳಲು, ಬಸ್ಸಿನ ಬೋರ್ಡು ವಿಚಾರಿಸಲು ಸಾಕಾಗುವಷ್ಟು. ಎದೆಯೊಳಗಿನದ್ದನ್ನು ಹೇಳಲು ಅದು ಸಾಲುವುದಿಲ್ಲ. ಡಿಮೆನ್ಷಿಯಾ ಶುರುವಾದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿಭಾಷೆ ಕೊನೆಯವರೆಗೆ ಉಳಿಯುವುದನ್ನು ಎಷ್ಟೋ ಕಡೆ ಕಂಡಿದ್ದಾರೆ. ಒಂದು ಆಸ್ಪತ್ರೆಯಲ್ಲಿ ತುಳು ಮಾತ್ರ ಉಳಿದಿದ್ದ ಅಜ್ಜಿಯೊಬ್ಬರಿಗೆ ನೆನಪಿನ ಪರೀಕ್ಷೆಗೆಂದು ಮಲಯಾಳದಲ್ಲಿ ಇವತ್ತು ಯಾವ ವಾರ, ನೂರರಿಂದ ಏಳು ಕಳೆ ಎಂದೆಲ್ಲ ಕೇಳುತ್ತಿದ್ದರು. ಅಜ್ಜಿ ಜೊತೆಗಿದ್ದವಳ ಕಡೆ ತಿರುಗಿ ‘ಆರ್ ದಾದ ಪನ್ಪುನಿ?’ (ಅವರು ಹೇಳುವುದೇನು?) ಎಂದರು. ಎರಡನೇ ಸಲ ಅದೇ ಪ್ರಶ್ನೆ ಬಂದಾಗ ಮುಖ ತಿರುಗಿಸಿದರು, ಮೂರನೆಯದಕ್ಕೆ ಕೈ ತಳ್ಳಿದರು. ಚೀಟಿಯಲ್ಲಿ ಬಿದ್ದದ್ದು: ಸಹಕರಿಸುವುದಿಲ್ಲ, ಆಕ್ರಮಣಕಾರಿ ಸ್ವಭಾವ. ಆ ಚೀಟಿ ಈಗ ಅವರ ಹಿಂದೆಯೇ ಎಲ್ಲ ಕಡೆ ಹೋಗುತ್ತದೆ, ಅದನ್ನು ನೋಡಿದ ಮುಂದಿನ ಡಾಕ್ಟರರು ಮೊದಲು ಬರೆಯುವುದು ಮಂಪರಿನ ಗುಳಿಗೆ.

ಬೇರೆ ದಾರಿ ಇಲ್ಲದಿದ್ದರೆ ಮಾತು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ನೆನಪು ಮತ್ತು ಬುದ್ಧಿಯ ಪರೀಕ್ಷೆಗಳ ಒಂದು ಕಟ್ಟನ್ನು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆ ಕನ್ನಡದಲ್ಲೂ ಸಿದ್ಧಪಡಿಸಿದೆ. ಕನ್ನಡದ ಪರೀಕ್ಷೆ ಇದೆ, ಕನ್ನಡದ ರೋಗಿ ಇದ್ದಾರೆ, ಇಬ್ಬರೂ ಒಂದೇ ಕೋಣೆಯಲ್ಲಿ ಸೇರಿಲ್ಲ, ಅಷ್ಟೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 4ನೇ ಕಲಮಿನಲ್ಲಿ, ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಶಕ್ತಿ ಒಬ್ಬರಿಗಿದೆಯೇ ಎಂದು ನೋಡುವಾಗ ಮಾಹಿತಿಯನ್ನು ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕೆಂದಿದೆ. ಆ ನಿರ್ಧಾರ ಇತರರಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಅವರಿಗೆ ಶಕ್ತಿಯಿಲ್ಲ ಎನ್ನಬಾರದೆಂದೂ ಅಲ್ಲೇ ಇದೆ. ಕನ್ನಡಕ್ಕೆ ಇಷ್ಟು ಬೆಂಬಲ ನಾನು ನಿರೀಕ್ಷಿಸಿಯೇ ಇರದ ಕಾನೂನಿನಲ್ಲಿ ಸಿಕ್ಕಿತು.

ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಯ ತಾಯಂದಿರ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಹೇಳಿದ್ದು ತಮ್ಮ ಕಡತಗಳಲ್ಲೇ ಇದೆ. ಕಡತದಲ್ಲಿಲ್ಲದ್ದು ಇದು: ಆ ವಿಷದ ಸಂತ್ರಸ್ತರಾಗಿ ಹಾಸಿಗೆಯಲ್ಲೇ ಉಳಿದ ಮಕ್ಕಳಿಗೆ ಈಗ ಮೂವತ್ತು, ನಲುವತ್ತು ವರ್ಷ, ಅವರನ್ನು ಎತ್ತಿ ಮಲಗಿಸಿ ಉಣಿಸುವ ತಾಯಿಗೆ ಅರವತ್ತು, ಎಪ್ಪತ್ತು. ಜಗತ್ತಿನ ಇತರ ಹಿರಿಯರು ಬೇಡದ ಸಂದರ್ಭದಿಂದ ದೂರ ಸರಿದು ಮನಸ್ಸು ಕಾಯ್ದುಕೊಳ್ಳುತ್ತಾರಂತೆ. ಈ ತಾಯಿ ಎಲ್ಲಿಗೆ ಸರಿಯಬೇಕು? ಮಗನನ್ನು ಬಿಟ್ಟು ಒಂದು ಮದುವೆಗೂ ಹೋಗಲಾಗದೆ, ರಾತ್ರಿ ನಿದ್ದೆಯಿಲ್ಲದೆ ಕಳೆದವರು ದಾಖಲೆ ನವೀಕರಣಕ್ಕೆಂದು ಬಂದ ಸಿಬ್ಬಂದಿಗೆ ‘ಇನ್ನೆಷ್ಟು ಸಲ ಫೋಟೋ ತೆಗೆಯುತ್ತೀರಿ?’ ಎಂದು ಕೂಗಿದ್ದನ್ನು ನಾನು ಕೇಳಿದ್ದೇನೆ. ಹೊರಗೆ ಬಂದ ಸಿಬ್ಬಂದಿ ಆಡಿದ ಮಾತು ಅದೇ ಹಳೆಯದು. ನನಗೆ ನಿಜವಾಗಿ ಆಶ್ಚರ್ಯವಾಗುವುದು ಆ ತಾಯಿ ಅದಕ್ಕೆ ಮೊದಲು ಎಷ್ಟು ಸಲ ಕೂಗದೆ ಇದ್ದರು ಎಂಬುದಕ್ಕೆ.

ಹಿರಿಯರ ಪಾಲನೆಯ 2007ರ ಕಾಯಿದೆಯ ಕೆಳಗೆ ಕಂದಾಯ ವಿಭಾಗಾಧಿಕಾರಿಗಳ ಮುಂದೆ ನಡೆಯುವ ವಿಚಾರಣೆಗಳಿಗೂ ಇದೇ ಕಥೆ. ಆಸ್ತಿ ಬರೆಸಿಕೊಂಡ ಮಗ ಇಸ್ತ್ರಿ ಅಂಗಿ ಹಾಕಿಕೊಂಡು ತಣ್ಣಗೆ ಮಾತಾಡುತ್ತಾನೆ. ದೂರು ಕೊಟ್ಟ ಅಪ್ಪ ಮಾತು ತಡವರಿಸಿ, ಸಿಟ್ಟಾಗಿ, ಅಳುತ್ತಾರೆ. ‘ನೋಡಿ ಸರ್, ಮನೆಯಲ್ಲೂ ಹೀಗೆಯೇ’ ಎಂದರೆ ಮಗನ ವಾದ ಮುಗಿಯಿತು. ಅನ್ಯಾಯಕ್ಕೆ ಸಿಟ್ಟು ಬಂದದ್ದೇ ಅಪ್ಪನ ವಿರುದ್ಧದ ಸಾಕ್ಷಿಯಾಗುತ್ತದೆ.

ಮನೆಯವರಿಗೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದಲೋ ದುಬೈಯಿಂದಲೋ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ‘ಅಮ್ಮ ಈಗ ತುಂಬಾ ಸಿಡುಕು’ ಎನ್ನುವ ಮಕ್ಕಳೇ, ಅದು ಯಾವಾಗಿನಿಂದ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹುಟ್ಟಿನಿಂದಲೇ ಸಿಡುಕಾಗಿದ್ದವರು ಈಗಲೂ ಸಿಡುಕಾದರೆ ಅದು ಸ್ವಭಾವ, ಸಹಿಸಿಕೊಳ್ಳಿ. ಮೊನ್ನೆ ಮಳೆಗಾಲದಿಂದ ಶುರುವಾದದ್ದಾದರೆ ಡಾಕ್ಟರರಿಗೆ ತೋರಿಸಿ. ತೋರಿಸುವಾಗ ಯಾವ ಹೊತ್ತಿಗೆ ಸಿಟ್ಟು ಬರುತ್ತದೆ, ಊಟಕ್ಕೆ ಮೊದಲೋ ಆಮೇಲೋ, ಹೊಸ ಗುಳಿಗೆ ಯಾವುದು ಎಂಬುದನ್ನು ಬರೆದುಕೊಂಡು ಹೋಗಿ. ಅಪ್ಪನ ಎದುರೇ ‘ಇವರಿಗೆ ಈಗ ಏನೂ ತಿಳಿಯುವುದಿಲ್ಲ’ ಎಂದು ಡಾಕ್ಟರರಿಗೆ ಹೇಳುವ ಚಾಳಿ ಬಿಡಿ, ಅವರಿಗೆ ಕೇಳಿಸುತ್ತದೆ.

ಮಾನ್ಯರೇ, ತಮ್ಮಲ್ಲಿ ನಾನು ಕೋರುವುದು ದೊಡ್ಡ ಕಟ್ಟಡಗಳನ್ನಲ್ಲ. 2011ರ ಜನಗಣತಿಯಲ್ಲೇ ಕೇರಳದಲ್ಲಿ ಅರವತ್ತು ದಾಟಿದವರು ಶೇ. 12.6 ಇದ್ದರು, ದೇಶದ ಸರಾಸರಿ ಶೇ. 8.6. ಈಗ ಇನ್ನೂ ಹೆಚ್ಚು. ಕಚೇರಿಗೆ ಬರುವ ಹಿರಿಯರು ಅಪರೂಪದ ಅತಿಥಿಗಳಲ್ಲ, ದಿನದ ಗಿರಾಕಿಗಳೇ ಅವರು. ಆದ್ದರಿಂದ ಮೊದಲನೆಯ ಕೋರಿಕೆ, ಮಸ್ಟರಿಂಗ್ ಆಗಲಿ ಬೇರಾವುದೇ ಹಾಜರಾತಿ ಆಗಲಿ, ಎಪ್ಪತ್ತು ದಾಟಿದವರಿಗೆ ಹೊತ್ತು ಗೊತ್ತುಮಾಡಿ, ನೆಲಮಹಡಿಯಲ್ಲಿ ನಡೆಯಲಿ. ಎದ್ದು ಹೋಗಿ ಚಹ ಕುಡಿದು ಬಂದರೂ ಟೋಕನ್ ಊರ್ಜಿತವೆಂದು ಅದರ ಮೇಲೆಯೇ ಅಚ್ಚು ಮಾಡಿಸಿ. ಬೆರಳು ಹಿಡಿಯದಿದ್ದರೆ ಏನು ಮಾಡಬಹುದೆಂಬ ಸೂಚನೆಯನ್ನು ಕಾಸರಗೋಡು, ಮಂಜೇಶ್ವರ ತಾಲೂಕುಗಳ ಎಲ್ಲ ಕೇಂದ್ರಗಳಲ್ಲೂ ದಪ್ಪ ಅಕ್ಷರದ ಕನ್ನಡದಲ್ಲಿ ತೂಗುಹಾಕಿಸಿ. ಇದಕ್ಕೆ ಖರ್ಚು ಒಂದು ಫ್ಲೆಕ್ಸಿನದ್ದು, ಚುನಾವಣೆ ಬಂದರೆ ನಮ್ಮಲ್ಲಿ ಫ್ಲೆಕ್ಸಿಗೆ ಬರ ಇರುವುದಿಲ್ಲ.

ಎರಡನೆಯದು ಆರೋಗ್ಯ ಇಲಾಖೆಗೆ ಸೇರಿದ್ದು, ತಾವು ಹೇಳಿದರೆ ನಡೆಯುವಂಥದ್ದು. ಹಿರಿಯರ ಸ್ವಭಾವ ಹಠಾತ್ತನೆ ಬದಲಾಗಿದೆ ಎಂದು ಮನೆಯವರು ಹೇಳಿದಾಗ ನಿದ್ದೆಯ ಗುಳಿಗೆ ಬರೆಯುವ ಮೊದಲು ಸಕ್ಕರೆ, ಸೋಡಿಯಂ, ಮೂತ್ರ, ಥೈರಾಯ್ಡ್, ಕಿವಿ ಇಷ್ಟನ್ನಾದರೂ ನೋಡಬೇಕೆಂದು ಕುಟುಂಬ ಆರೋಗ್ಯ ಕೇಂದ್ರಗಳಿಗೆ ಸುತ್ತೋಲೆ ಹೋಗಲಿ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಡಿಲೀರಿಯಂಗೆ ಅರ್ಧ ದಿನ ಸಿಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕುಗಳಲ್ಲಿ ಐಸಿಎಂಆರಿನ ಕನ್ನಡ ಪರೀಕ್ಷೆ ಇರಲಿ, ತುಳು ಬಲ್ಲ ಒಬ್ಬರಾದರೂ ಇರಲಿ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ನರರೋಗ, ಮಾನಸಿಕ ರೋಗಗಳ ತಪಾಸಣೆಗೆ ಇಂದಿಗೂ ನಮ್ಮವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಾವು ಎಲ್ಲಿದ್ದೇವೆಂದು ನಮಗೆ ಗೊತ್ತಾಯಿತು. ಕಾಲೇಜಿನಲ್ಲಿ ವಾರಕ್ಕೊಂದು ದಿನ ಹಿರಿಯರ ನೆನಪು ಮತ್ತು ಮನಸ್ಸಿನ ಕ್ಲಿನಿಕ್, ಕನ್ನಡದಲ್ಲಿ, ನಡೆಸಲು ಸಾಧ್ಯವೇ ನೋಡಿ. ಮಾನಸಿಕ ಸಹಾಯದ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567, ಈ ಎರಡು ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದ ಒಂದು ಬೋರ್ಡು ನಮ್ಮ ಕಡೆಯ ಯಾವ ಆಸ್ಪತ್ರೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಲ್ಲಿ ಆರೈಕೆ ಮಾಡುವವರಿಗೆ ತಿಂಗಳಲ್ಲಿ ಕೆಲವು ದಿನವಾದರೂ ಬಿಡುವು ಸಿಗುವಂತೆ, ತರಬೇತಾದವರು ಮನೆಗೆ ಬಂದು ಮಗ ಮಗಳನ್ನು ನೋಡಿಕೊಳ್ಳುವ ಏರ್ಪಾಡಾಗಲಿ. ತಾಯಿಯ ರಕ್ತದೊತ್ತಡ, ನಿದ್ದೆ, ಮನಸ್ಸಿನ ಸ್ಥಿತಿಯನ್ನೂ ಅದೇ ಕಡತದಲ್ಲಿ ಬರೆಯಲಿ. ಪಾಲನಾ ನ್ಯಾಯಮಂಡಳಿಯ ವಿಚಾರಣೆಯಲ್ಲಿ ಹಿರಿಯರನ್ನು ಮಕ್ಕಳ ಎದುರಿಗಲ್ಲದೆ ಪ್ರತ್ಯೇಕವಾಗಿ, ಅವರ ಭಾಷೆಯಲ್ಲಿ, ನಡುವೆ ಬಿಡುವು ಕೊಟ್ಟು ಕೇಳಲಿ. ಅತ್ತರು, ಕೂಗಿದರು ಎಂಬುದು ತಜ್ಞರ ಪರೀಕ್ಷೆಯಿಲ್ಲದೆ ತೀರ್ಪಿನೊಳಗೆ ಬಾರದಿರಲಿ.

ಈ ಪತ್ರದಲ್ಲಿ ಹೇಳಿದ ಸಂಗತಿಗಳ ವಿವರವನ್ನು, ಮನೆಯವರ ಒಪ್ಪಿಗೆ ಪಡೆದು, ತಾವು ಕರೆದಾಗ ಬಂದು ತಿಳಿಸಲು ನಾನೂ ನಮ್ಮ ತಂಡದ ದಾದಿಯೂ ಸಿದ್ಧರಿದ್ದೇವೆ. ಉತ್ತರವನ್ನು ಕನ್ನಡದಲ್ಲಿ ಕೊಟ್ಟರೆ ಓದಿ ಹೇಳಲು ಮನೆಮನೆಗೆ ಕೊಂಡೊಯ್ಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರೆ, ಪಾಲಿಯೇಟಿವ್ ಸ್ವಯಂಸೇವಕಿ,
ಬದಿಯಡ್ಕ ಪರಿಸರ.

ಪ್ರತಿ: ಜಿಲ್ಲಾ ವೈದ್ಯಾಧಿಕಾರಿಗಳು, ಕಾಸರಗೋಡು, ಕಂದಾಯ ವಿಭಾಗಾಧಿಕಾರಿಗಳು, ಕಾಸರಗೋಡು, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಎಲ್ಲ ಗ್ರಾಮ ಪಂಚಾಯತುಗಳ ಅಧ್ಯಕ್ಷರು.